ಒಳ್ಳೆ ಪಿಟೀಲು ಇರುವಾಗ ಹಳೇದು ಯಾಕೆ?

ಬರೋಕ್ ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತ. ಬಾಖ್, ವಿವಾಲ್ಡಿ, ಹ್ಯಾಂಡಲ್ ಇವರ ಕಾಲದ್ದು. ನನಗೆ ಅದರ ಹುಚ್ಚು. ಅದರಲ್ಲೂ ವಿಯೆನ್ನಾದ ಕಾನ್ಸೆಂಟಸ್ ಮ್ಯೂಸಿಕಸ್ ತಂಡ ಅಂದರೆ ಪ್ರಾಣ. ಇವರು ಆ ಕಾಲದ ಬಗೆಯ ವಾದ್ಯಗಳಲ್ಲೇ ನುಡಿಸುತ್ತಾರೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಈಗ ಇಷ್ಟು ಒಳ್ಳೆ ವಾದ್ಯಗಳಿವೆಯಲ್ಲ, ಸುಮ್ನೆ ಶೋಕಿ ಅಲ್ವಾ?"

ಶೋಕಿಗೆ ನುಡಿಸುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಖ್‌ನ ಎರಡನೇ ಬ್ರಾಂಡೆನ್‌ಬರ್ಗ್ ಕನ್ಚೆರ್ಟೊ ಅನ್ನುವ ಕೃತಿ ಕೇಳಿ ನೋಡಿ. ಅದರಲ್ಲಿ ಟ್ರಂಪೆಟ್, ರೆಕಾರ್ಡರ್, ಪೀಪಿ ಇಟ್ಟು ಊದುವ ಓಬೋ, ಪಿಟೀಲು ಸರಿಸಮವಾಗಿ ಮಾತಾಡಬೇಕು. ರೆಕಾರ್ಡರ್ ಅಂದರೆ ತುದಿಯಿಂದ ಊದುವ ಮರದ ಕೊಳಲು. ಅದರ ಪಕ್ಕಕ್ಕೆ ಟ್ರಂಪೆಟ್! ಮದುವೆ ಮನೆಯ ಓಲಗದ ಪಕ್ಕ ಕೂತು ಕೊಳಲು ಊದಿದ ಹಾಗೆ. ಈಗಿನ ವಾದ್ಯಗಳಲ್ಲಿ ಮೊದಲ ಸಲ ಕೇಳಿದಾಗ ಕೊಳಲನ್ನು ಹುಡುಕಿ ಹುಡುಕಿ ಸಾಕಾಯಿತು. ಬಾಖ್‌ನ ಲೆಕ್ಕ ತಪ್ಪಿತಾ ಅನ್ನಿಸಿತ್ತು.

ಲೆಕ್ಕ ಸರಿಯಾಗೇ ಇತ್ತು. ಅವನ ಕಾಲದ ಟ್ರಂಪೆಟ್‌ಗೆ ಒತ್ತುವ ವಾಲ್ವ್‌ಗಳಿಲ್ಲ. ಉದ್ದನೆಯ ಕೊಳವೆ ಅಷ್ಟೇ, ಸ್ವರವೆಲ್ಲ ತುಟಿಯ ಬಿಗಿಯಲ್ಲೇ ಹುಟ್ಟಬೇಕು. ಅದನ್ನು ಮೆಲ್ಲಗೂ ಊದಬಹುದು. ಪಿಟೀಲಿಗೆ ಕುರಿ ಕರುಳಿನ ತಂತಿ, ನಾದವೂ ಮೆತ್ತಗೆ. ಯಾರೂ ಯಾರನ್ನೂ ಮುಳುಗಿಸುವುದಿಲ್ಲ. ಕಾನ್ಸೆಂಟಸ್‌ನವರು 1964ರಲ್ಲಿ ಮಾಡಿದ ರೆಕಾರ್ಡಿಂಗ್‌ನಲ್ಲಿ ನನಗೆ ಕೊಳಲು ಸಿಕ್ಕಿತು.

ಈ ತಂಡವನ್ನು 1953ರಲ್ಲಿ ಕಟ್ಟಿದ್ದು ನಿಕೋಲಸ್ ಹಾರ್ನನ್‌ಕೋರ್ಟ್ ಮತ್ತು ಪಿಟೀಲು ನುಡಿಸುತ್ತಿದ್ದ ಅವರ ಹೆಂಡತಿ ಆಲಿಸ್. ಆಗ ನಿಕೋಲಸ್ ವಿಯೆನ್ನಾ ಸಿಂಫನಿ ವಾದ್ಯವೃಂದದಲ್ಲಿ ಚೆಲ್ಲೊ, ಅಂದರೆ ದೊಡ್ಡ ಪಿಟೀಲಿನಂಥ ವಾದ್ಯ, ನುಡಿಸುವ ನೌಕರ. ಮೊದಲ ಕಛೇರಿ ಕೊಟ್ಟಿದ್ದು 1957ರಲ್ಲಿ. ಅಷ್ಟು ವರ್ಷ ಬರೀ ಅಭ್ಯಾಸ! ಹೇಳಿಕೊಡುವ ಗುರುಗಳಿಲ್ಲ, ಹಳೆಯ ಪುಸ್ತಕಗಳನ್ನು ಓದಿ ತಾವೇ ಕಲಿಯಬೇಕಿತ್ತು.

ಇನ್ನೊಂದು ಸಂಗತಿ ನಮ್ಮವರಿಗೆ ಬೇಗ ಹಿಡಿಸುತ್ತದೆ. ಹಾರ್ಪ್ಸಿಕಾರ್ಡ್ ಅಂದರೆ ತಂತಿ ಮೀಟುವ, ಪಿಯಾನೊದಂಥ ಹಳೆಯ ಕೀಲಿಮಣೆ ವಾದ್ಯ. ಅದನ್ನು ನುಡಿಸುವವರ ಹಾಳೆಯಲ್ಲಿ ಬಹಳ ಸಲ ಇರುವುದು ಕೆಳಗಿನ ಸ್ವರಗಳು, ಅವುಗಳ ಜೊತೆ ಕೆಲವು ಅಂಕಿ. ಉಳಿದದ್ದನ್ನು ಆ ಕ್ಷಣಕ್ಕೆ ತಾವೇ ತುಂಬಬೇಕು. ನಮ್ಮ ಪಕ್ಕವಾದ್ಯದವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಾಪತ್ರಯವೂ ಉಂಟು. ಕರುಳಿನ ತಂತಿ ಸೆಕೆಗೆ, ತೇವಕ್ಕೆ ಶ್ರುತಿ ಬಿಡುತ್ತದೆ, ಕೃತಿ ಮುಗಿದಾಗಲೆಲ್ಲ ಮತ್ತೆ ಸೇರಿಸಬೇಕು. ಶ್ರುತಿಯೂ ಈಗಿನಂತೆ ಸೆಕೆಂಡಿಗೆ 440 ಕಂಪನದ ಬದಲು ಹೆಚ್ಚಿನ ತಂಡಗಳಲ್ಲಿ 415, ಅಂದರೆ ಅರ್ಧ ಸ್ವರ ಕೆಳಗೆ. ಒಮ್ಮೆ ಇಂಥ ರೆಕಾರ್ಡಿಂಗ್ ಜೊತೆ ಕೀಬೋರ್ಡ್ ನುಡಿಸಲು ಕೂತ ಗೆಳೆಯ ಎರಡೇ ನಿಮಿಷಕ್ಕೆ ಎದ್ದ. "ಮೊದಲು ನಿನ್ನ ಸ್ಪೀಕರ್ ರಿಪೇರಿ ಮಾಡಿಸು ಮಾರಾಯ" ಅಂದ.