ನನ್ನ ಕೋಣೆಯಲ್ಲಿ ಇನ್ನೊಬ್ಬಳು

ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆಫೀಸ್ ರೂಮಿನ ಪಕ್ಕದ ನೋಟಿಸ್ ಬೋರ್ಡ್. ಅದರ ಮೂಲೆಯಲ್ಲಿ ಒಂದು ಹಾಳೆ ಅಂಟಿಸಿದ್ದರು. ರೋಟರಿ ಕ್ಲಬ್ಬಿನ ಯೂತ್ ಎಕ್ಸ್‌ಚೇಂಜ್, ಒಂದು ವರ್ಷ ಹೊರದೇಶದಲ್ಲಿ ಹೈಸ್ಕೂಲ್ ಓದು, ಅಂತ. ನಾವು ನಾಲ್ಕೈದು ಜನ ನಿಂತು ಓದಿದೆವು. “ಇದೆಲ್ಲ ಕ್ಲಬ್ಬಿನವರ ಮಕ್ಕಳಿಗೆ ಕಣೇ, ನಮಗಲ್ಲ” ಅಂದಳು ಒಬ್ಬಳು. ಸರಿ ಅಂತ ಕ್ಲಾಸಿಗೆ ಹೊರಟೆವು.

ಆ ಮಾತು ನಮ್ಮ ಇಂಗ್ಲಿಷ್ ಮೇಡಂ ಕಿವಿಗೆ ಬಿತ್ತು. “ಹಾಗಂತ ಅಲ್ಲಿ ಎಲ್ಲಿ ಬರೆದಿದೆ, ತೋರಿಸು ನೋಡೋಣ” ಅಂದರು. ಎಲ್ಲೂ ಬರೆದಿರಲಿಲ್ಲ. ಮೆಂಬರುಗಳ ಮಕ್ಕಳೇ ಆಗಬೇಕು ಅನ್ನುವ ನಿಯಮವೇ ಇಲ್ಲ. ಅವತ್ತು ಸಂಜೆಯೇ ಮೇಡಂ ಫೋನ್ ಮಾಡಿ ಅರ್ಜಿ ತರಿಸಿಕೊಟ್ಟರು. ನನ್ನ ಬದುಕಿನ ದಾರಿ ತಿರುಗಿದ್ದು ಅಲ್ಲಿ. ಮೇಡಂಗೆ ನಾನು ಇದನ್ನು ಎದುರಿಗೆ ಸರಿಯಾಗಿ ಹೇಳಲೇ ಇಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಅರ್ಜಿ ಅಂದರೆ ಒಂದು ಪುಸ್ತಕದಷ್ಟು ದಪ್ಪ. ಡಾಕ್ಟರ ಸಹಿ, ಹಲ್ಲಿನ ಡಾಕ್ಟರ ಸಹಿ, ಶಾಲೆಯ ಸಹಿ, ಮನೆಯವರ ಫೋಟೋ. ಇನ್ನೂ ನೋಡದ ಮನೆಯವರಿಗೆ ನನ್ನ ಬಗ್ಗೆ ಒಂದು ಪತ್ರ ಬೇರೆ. ಸಂದರ್ಶನಕ್ಕೆ ಅಪ್ಪ ಅಮ್ಮನೂ ಬರಬೇಕಿತ್ತು. ಅಲ್ಲಿ ಒಬ್ಬರು ಅಪ್ಪನನ್ನು ಕೇಳಿದರು: “ನಿಮ್ಮ ಮಗಳು ಮೊದಲ ತಿಂಗಳು ದಿನಾ ಫೋನ್ ಮಾಡಿ ಅತ್ತರೆ ಏನು ಮಾಡ್ತೀರಿ?” ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿಸಿಕೊಳ್ತೀನಿ. ವಾಪಸ್ ಬಾ ಅಂತ ಮಾತ್ರ ಹೇಳಲ್ಲ” ಅಂದರು. ಮುಂದಿನ ಪ್ರಶ್ನೆ: “ಇವಳು ಹೋದ ಮೇಲೆ ಹೊರದೇಶದ ಒಂದು ಮಗುವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ತೀರಾ?” ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಹೂಂ ಅಂದಾಗಿತ್ತು.

ಕ್ಲಬ್ ಕಳಿಸುತ್ತದೆ ಅಂದರೆ ಎಲ್ಲ ಖರ್ಚೂ ಕ್ಲಬ್ಬಿನದೇ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ವಿಮಾನದ ಟಿಕೆಟ್, ವೀಸಾ, ವಿಮೆ ಇವು ನಮ್ಮ ಮನೆಯವರ ಪಾಲು. ಅಲ್ಲಿ ಇರುವುದು, ಉಣ್ಣುವುದು ನಮ್ಮನ್ನು ಇಟ್ಟುಕೊಳ್ಳುವ ಹೋಸ್ಟ್ ಮನೆಯವರ ಪಾಲು. ಶಾಲೆಯಲ್ಲಿ ಸೀಟು ಕೊಡಿಸುವುದು, ತಿಂಗಳಿಗಿಷ್ಟು ಅಂತ ಕೈಖರ್ಚು ಕೊಡುವುದು ಅಲ್ಲಿನ ಕ್ಲಬ್ಬಿನ ಪಾಲು. ಹೋಸ್ಟ್ ಮನೆಯವರಿಗೆ ಯಾರೂ ಬಿಡಿಗಾಸೂ ಕೊಡುವುದಿಲ್ಲ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಗುರುತಿಲ್ಲದ ಮಗುವನ್ನು ತಿಂಗಳುಗಟ್ಟಲೆ ಸುಮ್ನೆ ಯಾರು ಸಾಕುತ್ತಾರೆ, ಅಲ್ವಾ?

ಹೊರಡುವ ಮೊದಲು ನಡೆದ ತರಬೇತಿಯಲ್ಲಿ ಹಿರಿಯರೊಬ್ಬರು ಇದರ ಕಥೆ ಹೇಳಿದರು. ರೋಟರಿ ಶುರುವಾದದ್ದು 1905ರಲ್ಲಿ, ಶಿಕಾಗೋದಲ್ಲಿ. ಮಕ್ಕಳನ್ನು ಅದಲುಬದಲು ಕಳಿಸುವುದನ್ನು ಮೊದಲು ಮಾಡಿದ್ದು ಫ್ರಾನ್ಸಿನ ನೀಸ್ ನಗರದ ಕ್ಲಬ್, 1927ರಲ್ಲಿ. ಎರಡನೇ ಮಹಾಯುದ್ಧ ಬಂದಾಗ ಯುರೋಪಿನಲ್ಲಿ ಎಲ್ಲ ನಿಂತುಹೋಯಿತು. ಮತ್ತೆ ಶುರುವಾದದ್ದು 1946ರಲ್ಲಿ. ಆ ಇಸವಿ ಕೇಳಿ ನಾನು ಪೆನ್ ಕೆಳಗಿಟ್ಟೆ. ಯುದ್ಧ ಮುಗಿದು ಒಂದು ವರ್ಷ ಆಗಿದೆ ಅಷ್ಟೆ. ಅಷ್ಟರಲ್ಲೇ ಗಡಿ ದಾಟಿಸಿ ಇನ್ನೊಬ್ಬರ ಮನೆಗೆ ಮಗುವನ್ನು ಕಳಿಸಿದ ತಂದೆತಾಯಿಗಳಿದ್ದರು. ಅವರ ಧೈರ್ಯ ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಅದರ ಮರುವರ್ಷ, 1947ರಲ್ಲಿ, ಎಎಫ್‌ಎಸ್ ಅನ್ನುವ ಇನ್ನೊಂದು ಸಂಸ್ಥೆಯೂ ಹೈಸ್ಕೂಲ್ ಮಕ್ಕಳನ್ನು ಕಳಿಸಲು ಶುರುಮಾಡಿತು. ಅದನ್ನು ನಡೆಸಿದವರು ಯುದ್ಧದಲ್ಲಿ ಗಾಯಾಳುಗಳನ್ನು ಆಂಬುಲೆನ್ಸಿನಲ್ಲಿ ಸಾಗಿಸಿದ್ದವರು. ಕಣ್ಣಾರೆ ಅಷ್ಟೆಲ್ಲ ನೋಡಿದವರಿಗೆ, ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಬೆಳೆಯಲಿ ಅಂತ ಅನಿಸಿತ್ತು. ಲಯನ್ಸ್ ಕ್ಲಬ್ಬಿನವರೂ ಕಳಿಸುತ್ತಾರೆ. ಆದರೆ ಅವರದು ಕೆಲವು ವಾರಗಳ ವಾಸ ಮತ್ತು ಕ್ಯಾಂಪ್, ಶಾಲೆ ಇರುವುದಿಲ್ಲ.

ತರಬೇತಿಯಲ್ಲೇ ನಾಲ್ಕು ‘ಡಿ’ಗಳನ್ನು ಬಾಯಿಪಾಠ ಮಾಡಿಸಿದರು. ಡ್ರಿಂಕಿಂಗ್, ಡ್ರಗ್ಸ್, ಡ್ರೈವಿಂಗ್, ಡೇಟಿಂಗ್. ನಾಲ್ಕೂ ಕೂಡದು. ತಪ್ಪಿದರೆ ಮುಂದಿನ ವಿಮಾನಕ್ಕೆ ಮನೆಗೆ. ಆಮೇಲೆ ಒಂದು ಬ್ಲೇಜರ್ ಕೊಟ್ಟರು. ಅದರ ಎದೆಯ ಮೇಲೆ ಆಗ ಒಂದೇ ಒಂದು ಪಿನ್, ಅಂದರೆ ಚುಚ್ಚಿಕೊಳ್ಳುವ ಪುಟ್ಟ ಬ್ಯಾಡ್ಜ್.

ನಾನು ಹೋದದ್ದು ಇಂಗ್ಲಿಷ್ ಮಾತಾಡದ ದೇಶಕ್ಕೆ. ದೇಶದ ಬಗ್ಗೆ ಬರೆದರೆ ಅದೇ ಒಂದು ಪುಸ್ತಕ ಆಗುತ್ತದೆ, ಇಲ್ಲಿ ಬೇಡ. ಅಲ್ಲಿನ ಮನೆಗಳ ಬಗ್ಗೆ ಹೇಳಬೇಕು. ವರ್ಷವಿಡೀ ಒಂದೇ ಮನೆಯಲ್ಲಿ ಇಡುವುದು ಕಡಿಮೆ. ನನಗೆ ಮೂರು ಮನೆ. ಮೊದಲನೆಯದು ಹಬ್ಬದ ಹಾಗೆ ಕಳೆಯಿತು. ಬಿಟ್ಟು ಹೊರಟ ದಿನ ಪೆಟ್ಟಿಗೆಯ ಮೇಲೆ ಕೂತು ಅತ್ತೆ.

ಎರಡನೇ ಮನೆ ಒಗ್ಗಲಿಲ್ಲ. ಹೋಸ್ಟ್ ಮದರ್ ಮಾತು ಕಡಿಮೆ. ನನಗೋ ಅವರ ಭಾಷೆ ಇನ್ನೂ ಅರೆಬರೆ. ಶಾಲೆಯಿಂದ ಬಂದವಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೊದಲ ವಾರ ಅವರು ಬಾಗಿಲು ತಟ್ಟಿ ಊಟಕ್ಕೆ ಕರೆದರು. ಆಮೇಲೆ ತಟ್ಟುವುದೂ ನಿಂತಿತು. ಅವರಿಗೆ ನಾನು ಬೇಡವಾದೆ ಅಂತಲೇ ಅಂದುಕೊಂಡೆ.

ಇಂಥ ಹೊತ್ತಿಗೇ ಅಂತ ಪ್ರತಿ ವಿದ್ಯಾರ್ಥಿಗೂ ಒಬ್ಬರು ಕೌನ್ಸೆಲರ್ ಇರುತ್ತಾರೆ. ಕ್ಲಬ್ಬಿನವರೇ, ಆದರೆ ಹೋಸ್ಟ್ ಮನೆಯವರಾಗಿರುವಂತಿಲ್ಲ. ಮನೆಯ ಬಗ್ಗೆಯೇ ದೂರು ಇದ್ದರೆ ಮಗು ಯಾರಿಗೆ ಹೇಳಬೇಕು? ಅದಕ್ಕೇ ಈ ನಿಯಮ. ನನ್ನ ಕೌನ್ಸೆಲರ್ ವಯಸ್ಸಾದ ಹೆಂಗಸು. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. “ಹೇಗಿದ್ದೀಯ?” “ಚೆನ್ನಾಗಿದ್ದೀನಿ.” ಮೂರು ಭಾನುವಾರ ಹೀಗೇ ಆಯಿತು. ನಾಲ್ಕನೆಯ ಸಲ ಫೋನ್ ಬರಲಿಲ್ಲ, ಅವರೇ ಬಂದರು. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ವಲ್ಪ ದೂರ ಹೋಗಿ, ರಸ್ತೆ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ಏನೂ ಕೇಳಲಿಲ್ಲ. ಸುಮ್ಮನೆ ಕೂತರು. ಗಾಜಿನ ಮೇಲೆ ನಮ್ಮ ಉಸಿರು ಮಂಜು ಕಟ್ಟುತ್ತಿತ್ತು. ಹತ್ತು ನಿಮಿಷ ಆಗಿರಬೇಕು, ಆಮೇಲೆ ನಾನೇ ಎಲ್ಲ ಹೇಳಿದೆ.

ಅವತ್ತೇ ರಾತ್ರಿ ಮೂವರೂ ಒಂದೇ ಮೇಜಿಗೆ ಕೂತೆವು. ಹೋಸ್ಟ್ ಮದರ್ ಹೇಳಿದ್ದನ್ನು ಕೌನ್ಸೆಲರ್ ನಿಧಾನವಾಗಿ ನನಗೆ ಬಿಡಿಸಿ ಹೇಳಿದರು: “ಇವಳು ಬಾಗಿಲು ಹಾಕಿಕೊಳ್ತಾಳೆ. ನಾನು ಬಂದರೆ ಇವಳಿಗೆ ತೊಂದರೆ ಅಂದುಕೊಂಡೆ. ಅದಕ್ಕೆ ತಟ್ಟೋದು ಬಿಟ್ಟೆ.” ನಾನು ಅವರಿಗೆ ಬೇಡ ಅಂತ ನಾನು, ಅವರು ನನಗೆ ಬೇಡ ಅಂತ ಅವರು. ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಕೊರಗುತ್ತಾ ಕೂತಿದ್ದೆವು.

ಮಾರನೆಯ ದಿನ ಶಾಲೆಯಿಂದ ಬಂದಾಗ ನನ್ನ ಕೋಣೆಯ ಬಾಗಿಲಿಗೆ ಒಂದು ಹಳದಿ ಚೀಟಿ ಅಂಟಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಅವರ ಭಾಷೆಯಲ್ಲಿ ‘ಬಾಗಿಲು’ ಅಂತ ಬರೆದಿತ್ತು. ಕಿಟಕಿಗೆ ಒಂದು, ಕನ್ನಡಿಗೆ ಒಂದು, ದೀಪದ ಸ್ವಿಚ್ಚಿಗೆ ಒಂದು. ಅಡುಗೆಮನೆಯಲ್ಲಂತೂ ಚಮಚಕ್ಕೂ ಚೀಟಿ. ಸಂಜೆ ಅವರು ಒಂದೊಂದನ್ನೂ ಮುಟ್ಟಿ ಹೇಳಿಕೊಡುತ್ತಿದ್ದರು. ನಾನು ಅದರ ಕೆಳಗೆ ಕನ್ನಡದಲ್ಲಿ ಬರೆದು ಅವರಿಗೆ ಹೇಳಿಕೊಡುತ್ತಿದ್ದೆ. ಅವತ್ತಿನಿಂದ ಮಲಗುವ ತನಕ ನನ್ನ ಬಾಗಿಲು ಒಂದು ಗೇಣು ತೆರೆದೇ ಇರುತ್ತಿತ್ತು. ಅಲ್ಲಿನ ಭಾಷೆಯನ್ನು ನಾನು ಕಲಿತದ್ದು ಶಾಲೆಗಿಂತ ಜಾಸ್ತಿ ಆ ಮನೆಯಲ್ಲಿ.

ಮೂರನೇ ಮನೆಯೂ ಒಳ್ಳೆಯದೇ. ವರ್ಷದ ಕೊನೆಗೆ ಬ್ಲೇಜರ್ ಎರಡು ಕೈಯಲ್ಲಿ ಎತ್ತುವಷ್ಟು ಭಾರವಾಗಿತ್ತು. ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಪಿನ್ ಕೊಟ್ಟು ಪಿನ್ ತಗೊಳ್ಳುವುದು ವಾಡಿಕೆ. ನಡೆದರೆ ಗಿಲಿಗಿಲಿ ಸದ್ದು.

ಈಗ ನಾನೂ ಒಬ್ಬಳು ಕೌನ್ಸೆಲರ್. ಹೊರಗಿನಿಂದ ನೋಡುವವರಿಗೆ ಇದು ವಿಮಾನ, ಫೋಟೋ, ಸನ್ಮಾನ ಅಂತ ಕಾಣುತ್ತದೆ. ಒಳಗಿನ ಕೆಲಸ ಬೇರೆ. ಹೋಸ್ಟ್ ಮನೆಗೆ ಹೋಗಿ ನೋಡಬೇಕು. ಮಗುವಿಗೆ ಅಂತಲೇ ಒಂದು ಹಾಸಿಗೆ ಇದೆಯಾ ಕೇಳಬೇಕು. ಆ ಮನೆಯಲ್ಲಿರುವ ದೊಡ್ಡವರೆಲ್ಲರ ಹಿನ್ನೆಲೆಯನ್ನೂ ತಪಾಸಣೆ ಮಾಡಿಸಬೇಕು. ಇದರಲ್ಲಿ ಮುಖ ನೋಡಿ ಮಣೆ ಹಾಕುವ ಹಾಗಿಲ್ಲ. ಎಷ್ಟೇ ದೊಡ್ಡ ಮನುಷ್ಯರಾಗಲಿ, ಫಾರಂ ತುಂಬಿಸಲೇಬೇಕು. ಹುಡುಗಿಯೊಬ್ಬಳು ‘ಚೆನ್ನಾಗಿದ್ದೀನಿ’ ಅಂದಾಗ ಅದು ಯಾವ ಚೆನ್ನಾಗಿದ್ದೀನಿ ಅಂತ ಕೇಳಿಸಿಕೊಳ್ಳುವುದೇ ನನ್ನ ಮುಖ್ಯ ಕೆಲಸ.

ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಟಿಕೆಟ್ಟಿಗೆ ದುಡ್ಡು ಹೊಂದಿಸಲಾಗದೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಕ್ಲಬ್ಬುಗಳು ಮನಸ್ಸು ಮಾಡಿದರೆ ವರ್ಷಕ್ಕೆ ಒಂದು ಮಗುವಿನ ಟಿಕೆಟ್ಟಿಗಾದರೂ ಹಣ ಕೂಡಿಸಬಹುದು. ಇದನ್ನು ಮೀಟಿಂಗಿನಲ್ಲಿ ಹೇಳುತ್ತಲೇ ಇದ್ದೇನೆ, ಮುಂದೆಯೂ ಹೇಳುತ್ತೇನೆ. ನಮ್ಮ ಶಾಲೆಯ ಮೇಷ್ಟ್ರು, ಮೇಡಂಗಳಲ್ಲಿ ಒಂದು ವಿನಂತಿ: ಆ ಹಾಳೆಯನ್ನು ಬೋರ್ಡಿನ ಮೂಲೆಯಲ್ಲಿ ಅಂಟಿಸಿ ಬಿಡಬೇಡಿ. ಕ್ಲಾಸಿನಲ್ಲಿ ಓದಿ ಹೇಳಿ. ‘ಇದು ನಮಗಲ್ಲ’ ಅಂದುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುವವಳನ್ನು ಹೆಸರು ಹಿಡಿದು ಕರೆಯಿರಿ.

ನಾನು ಮನೆಗೆ ವಾಪಸ್ ಬಂದಾಗ ನನ್ನ ಕೋಣೆಯಲ್ಲಿದ್ದ ಹುಡುಗಿ ಹೊರಟು ಒಂದು ವಾರವಾಗಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಅಮ್ಮನ ದುಂಡು ಅಕ್ಷರದಲ್ಲಿ ‘ಬಾಗಿಲು’. ಕೆಳಗೆ ನನಗೆ ಓದಲು ಬಾರದ ಲಿಪಿಯಲ್ಲಿ ಇನ್ನೊಂದು ಪದ. ನನ್ನ ಚೀಟಿಗಳ ಸುದ್ದಿಯನ್ನು ನಾನು ಮನೆಗೆ ಬರೆದೇ ಇರಲಿಲ್ಲ. “ನಿನಗೆ ಯಾರು ಹೇಳಿಕೊಟ್ಟರಮ್ಮ ಇದನ್ನ?” ಅಂತ ಕೇಳಿದೆ. “ಯಾರು ಹೇಳಿಕೊಡ್ತಾರೆ? ಆ ಮಗು ಬಂದ ಹೊಸದರಲ್ಲಿ ಮಾತೇ ಆಡ್ತಿರಲಿಲ್ಲ ಕಣೇ” ಅಂದರು ಅಮ್ಮ.

ಆ ಚೀಟಿ ಇನ್ನೂ ಅಲ್ಲೇ ಇದೆ.