ಅವಳಿಗೆ ಎಷ್ಟು ಕೊಟ್ಟರು?

"ಅವಳಿಗೆ ಎಷ್ಟು ಕೊಟ್ಟರು?"

ಕಳೆದ ಭಾನುವಾರ ಲಂಡನ್ನಿನ ಒಂದು ಮನೆಯ ಅಡುಗೆಕೋಣೆಯಲ್ಲಿ ಎಂಬತ್ತರ ಹತ್ತಿರದ ಹೆಂಗಸೊಬ್ಬರು ಕೇಳಿದ ಪ್ರಶ್ನೆ ಇದು. ವಾರವಿಡೀ ತಲೆಯಲ್ಲಿ ಅದೇ. ಟ್ರೇನಿನಲ್ಲಿ ಅದೇ, ಮೀಟಿಂಗಿನಲ್ಲಿ ಅದೇ, ರಾತ್ರಿ ಅನ್ನಕ್ಕಿಟ್ಟು ನಿಂತಾಗಲೂ ಅದೇ.

ನನ್ನ ಸಹೋದ್ಯೋಗಿಯ ಮನೆಯವರು ಜಮೈಕಾದವರು, ಅಜ್ಜ ಅಜ್ಜಿ 1950ರ ದಶಕದಲ್ಲಿ ಇಲ್ಲಿಗೆ ಬಂದರು. ಪ್ರಶ್ನೆ ಕೇಳಿದವರು ಅವಳ ದೊಡ್ಡಮ್ಮ. ಎಲ್ಲರೂ ಅವರನ್ನು ಆಂಟಿ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಬದುಕಿನುದ್ದಕ್ಕೂ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವರು. ಮಾತು ಕಡಿಮೆ, ಆಡಿದರೆ ನೇರ.

ಸಹೋದ್ಯೋಗಿಯ ತಮ್ಮ ಒಂದಷ್ಟು ಕಾಲದಿಂದ ಮನೆತನದ ಮೂಲ ಹುಡುಕುತ್ತಿದ್ದಾನೆ. ಹಳೆಯ ಇಂಗ್ಲಿಷ್ ಕೈಬರಹ ಓದುವುದು ನನಗೆ ಸ್ವಲ್ಪ ರೂಢಿ, ಅದಕ್ಕೇ ನನ್ನನ್ನು ಕರೆದಿದ್ದರು. ಹುಡುಗನಿಗೆ ಶ್ರದ್ಧೆಯಿದೆ, ಒಪ್ಪುತ್ತೇನೆ. ಆದರೆ ಅವನ ಶ್ರದ್ಧೆಯೆಲ್ಲ ಒಂದೇ ಕಡೆಗೆ. ಅವರ ಮನೆತನದ ಹೆಸರು ಸ್ಕಾಟ್ಲೆಂಡ್‌ನದು. ಆ ಹೆಸರಿನ ತೋಟದ ಮಾಲೀಕನನ್ನು ಹಿಡಿದು, ಅವನ ಅಪ್ಪ, ಅಜ್ಜ, ಮುತ್ತಜ್ಜ ಅಂತ ಅಲ್ಲಿನ ಚರ್ಚ್ ಪುಸ್ತಕಗಳಲ್ಲಿ 1600ರ ದಶಕದವರೆಗೂ ಹೋಗಿದ್ದಾನೆ. ಲಾಂಛನವನ್ನು ಬಣ್ಣದಲ್ಲಿ ಪ್ರಿಂಟ್ ಮಾಡಿಸಿ ಫ್ರಿಜ್ ಮೇಲೆ ಅಂಟಿಸಿದ್ದಾನೆ. ನನಗೆ ಅದನ್ನು ನೋಡಿದ ಕೂಡಲೇ ಇರಿಸುಮುರಿಸಾಯಿತು.

ಜಮೈಕಾದಲ್ಲಿ ಜನನ ಮರಣವನ್ನು ಸರ್ಕಾರ ಬರೆದಿಡಲು ಶುರುಮಾಡಿದ್ದು 1878ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳು ಬೇಕು. ಅಲ್ಲಿಯವರೆಗೆ ನಿಮ್ಮವರ ಹೆಸರು ಹಿಡಿದೇ ಹೋಗಬಹುದು. ಗುಲಾಮಗಿರಿಯ ಕಾಲಕ್ಕೆ ಹೋದಿರೋ, ದಾರಿಯೇ ಬೇರೆ. ಮೊದಲು ಮಾಲೀಕನ ಹೆಸರು ಗೊತ್ತಿರಬೇಕು. ಅವನ ಹೆಸರಿನ ಕೆಳಗೇ ನಿಮ್ಮವರು ಸಿಗುವುದು.

1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿತು, ಗುಲಾಮಗಿರಿಯನ್ನಲ್ಲ. ಹಾಗಾಗಿ ಕಳ್ಳಸಾಗಣೆಯಲ್ಲಿ ಹೊಸಬರನ್ನು ತರುತ್ತಾರೇನೋ ಎಂದು ನೋಡಲು ಇದ್ದವರ ಪಟ್ಟಿ ಮಾಡಿಸಿದರು. ಜಮೈಕಾದ ಮೊದಲ ಪಟ್ಟಿ 1817ರದು. ಹೆಸರು, ಬಣ್ಣ, ವಯಸ್ಸು, ಆಫ್ರಿಕಾದವರೋ ದ್ವೀಪದಲ್ಲೇ ಹುಟ್ಟಿದವರೋ, ಕೊನೆಗೆ ಷರಾ. ಷರಾದಲ್ಲಿ ಎಷ್ಟೋ ಸಲ ತಾಯಿಯ ಹೆಸರು ಇರುತ್ತದೆ. ಮೂಲ ಪುಸ್ತಕಗಳು ಲಂಡನ್ನಿನ ಕ್ಯೂದಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಫೋಟೋ ತೆಗೆದದ್ದನ್ನು ಈಗ ಮನೆಯಲ್ಲಿ ಕೂತೇ ನೋಡಬಹುದು.

ಆ ಸ್ಕಾಟ್ಲೆಂಡ್ ಹೆಸರಿನವನ ತೋಟದ 1817ರ ಪಟ್ಟಿಯಲ್ಲಿ ಅವಳಿದ್ದಳು, ಆಂಟಿಯ ಪ್ರಶ್ನೆಯ 'ಅವಳು'. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ಸ್ವತ್ತು. ನೀಗ್ರೋ, 24 ವರ್ಷ, ಆಫ್ರಿಕನ್. ಅಷ್ಟೇ. ಕೆಲವು ಸಾಲು ಕೆಳಗೆ ಒಂದು ಹುಡುಗಿ. ಮುಲಾಟೊ, ಅಂದರೆ ಬಿಳಿಯ ಮತ್ತು ಕರಿಯ ತಂದೆತಾಯಿಗೆ ಹುಟ್ಟಿದ ಮಗು, 3 ವರ್ಷ, ದ್ವೀಪದಲ್ಲೇ ಹುಟ್ಟಿದ್ದು, ಷರಾದಲ್ಲಿ ಅವಳ ಹೆಸರು. ಈ ಹುಡುಗಿಯಿಂದಲೇ ಇವರ ಮನೆತನ ಬೆಳೆದದ್ದು. ಅಪ್ಪನ ಹೆಸರಿಗೆ ಆ ಪುಟದಲ್ಲಿ ಜಾಗವೇ ಇಲ್ಲ. ಆದರೆ ಅವನು ಯಾರು ಅಂತ ತೋಟದ ಮಾಲೀಕನ ಉಯಿಲಿನಲ್ಲಿ ಸಿಕ್ಕಿತು. 'ನನ್ನ ಮಗಳೆಂದು ಹೇಳಲಾಗುವ' ಈ ಹುಡುಗಿಗೆ ಬಿಡುಗಡೆ, ಜೊತೆಗೆ ಒಂದಿಷ್ಟು ಹಣ. ತಾಯಿಯ ಬಗ್ಗೆ ಒಂದಕ್ಷರ ಇಲ್ಲ. ತೋಟ, ಎತ್ತು, ಕಬ್ಬಿನ ಗಾಣ, ಆಳುಗಳು ಎಲ್ಲ ಸ್ಕಾಟ್ಲೆಂಡ್‌ನಲ್ಲಿದ್ದ ಅವನ ತಮ್ಮನಿಗೆ. ಆ 'ಎಲ್ಲ'ದರಲ್ಲಿ ಅವಳೂ ಸೇರಿದ್ದಳು.

"ನೋಡಿ, ಮಗಳ ಕೈ ಬಿಡಲಿಲ್ಲ ಆತ," ಅಂದ ಹುಡುಗ. ನನಗೆ ನಿಜಕ್ಕೂ ಸಿಟ್ಟು ಬಂತು. ಮಗಳ ತಾಯಿಯನ್ನು ತಮ್ಮನಿಗೆ ಬರೆದುಕೊಟ್ಟವನು ಕೈ ಬಿಡದವನು ಹೇಗಾಗುತ್ತಾನೆ? ಅಂದೆ ಕೂಡ. ಅವನು ಮಾತಾಡಲಿಲ್ಲ.

1817ರ ನಂತರ ಜಮೈಕಾದಲ್ಲಿ ಮೂರು ವರ್ಷಕ್ಕೊಮ್ಮೆ ಬರೆದದ್ದು ಪೂರ್ತಿ ಪಟ್ಟಿಯಲ್ಲ, ಹೆಚ್ಚಾದವರು ಮತ್ತು ಕಡಿಮೆಯಾದವರು ಮಾತ್ರ. ಹುಟ್ಟಿದರೆ, ಕೊಂಡರೆ ಹೆಚ್ಚು. ಸತ್ತರೆ, ಮಾರಿದರೆ, ಬಿಡುಗಡೆಯಾದರೆ ಕಡಿಮೆ. ಹುಡುಗಿಯ ಹೆಸರು ಬಿಡುಗಡೆಯ ಲೆಕ್ಕದಲ್ಲಿ ಸಿಕ್ಕಿತು. ತಾಯಿಯ ಹೆಸರು ಕಡಿಮೆಯಾದವರಲ್ಲಿ ಎಲ್ಲೂ ಇಲ್ಲ, 1832ರ ಕೊನೆಯ ಪಟ್ಟಿಯವರೆಗೂ ಇಲ್ಲ. ಅಂದರೆ ಬದುಕಿದ್ದಾಳೆ, ಅಲ್ಲೇ ಇದ್ದಾಳೆ. ಹೆಸರು ಕಾಣದಿರುವುದೇ ಬದುಕಿರುವುದಕ್ಕೆ ಸಾಕ್ಷಿ ಎಂದು ಬೆರಳಿಟ್ಟು ಪುಟ ಪುಟ ನೋಡುವುದು ಎಂಥ ಕೆಲಸ ಅಂತ ಆವತ್ತೇ ಗೊತ್ತಾದದ್ದು.

ಆಮೇಲೆ ಹುಡುಗ ಪರಿಹಾರದ ಲೆಕ್ಕ ತೆಗೆದ. ಗುಲಾಮಗಿರಿ ನಿಲ್ಲಿಸಿದ 1833ರ ಕಾಯ್ದೆಯಲ್ಲಿ ಬ್ರಿಟಿಷ್ ಸರ್ಕಾರ ಗುಲಾಮರ ಮಾಲೀಕರಿಗೆ ಪರಿಹಾರವೆಂದು 2 ಕೋಟಿ ಪೌಂಡ್ ಇಟ್ಟಿತು. ಆಗಿನ ಸರ್ಕಾರದ ವರ್ಷದ ಖರ್ಚಿನ ಸುಮಾರು 40 ಶೇಕಡಾ. ಜಮೈಕಾದ ಸುಮಾರು 3,11,000 ಜನರ ಲೆಕ್ಕಕ್ಕೆ 60 ಲಕ್ಷ ಪೌಂಡ್‌ಗೂ ಜಾಸ್ತಿ ಹೋಯಿತು, ತಲೆಗೆ ಸರಾಸರಿ 20 ಪೌಂಡ್‌ಗಿಂತ ಸ್ವಲ್ಪ ಕಡಿಮೆ. ಯಾರಿಗೆ ಎಷ್ಟು ಹೋಯಿತು ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಒಟ್ಟುಗೂಡಿಸಿ 2013ರಲ್ಲಿ ಎಲ್ಲರಿಗೂ ನೋಡಲು ತೆರೆದಿಟ್ಟರು. ಒಳ್ಳೆಯ ಕೆಲಸ, ದೊಡ್ಡ ಕೆಲಸ. ತೋಟದ ಹೆಸರು ಹಾಕಿದ್ದೇ ತಡ, ಸ್ಕಾಟ್ಲೆಂಡ್‌ನ ಆ ತಮ್ಮನಿಗೆ ಸಂದ ಮೊತ್ತ ಬಂತು. ಹುಡುಗ ಜೋರಾಗಿ ಓದಿದ.

ಆಗ ಆಂಟಿ ಕೇಳಿದರು. "ಅವಳಿಗೆ ಎಷ್ಟು ಕೊಟ್ಟರು?"

"ಆಂಟಿ, ಅದು ಮಾಲೀಕರಿಗೆ ಕೊಟ್ಟ ಪರಿಹಾರ," ಅಂದ ಹುಡುಗ.

"ಅದು ಗೊತ್ತು. ನಾನು ಕೇಳಿದ್ದು, ಅವಳಿಗೆ ಎಷ್ಟು ಕೊಟ್ಟರು ಅಂತ."

ಯಾರೂ ಉಸಿರೆತ್ತಲಿಲ್ಲ. ಆಂಟಿ ಗೊತ್ತಿಲ್ಲದೆ ಕೇಳಿದವರಲ್ಲ. ನಮ್ಮ ಬಾಯಿಂದ ಹೇಳಿಸಬೇಕಿತ್ತು.

ಏನೂ ಕೊಡಲಿಲ್ಲ. ಕೊಡುವುದಿರಲಿ, ಇನ್ನಷ್ಟು ಕಿತ್ತುಕೊಂಡರು. 1834ರ ಆಗಸ್ಟ್ 1ಕ್ಕೆ ಗುಲಾಮಗಿರಿ ಮುಗಿಯಿತು ಅಂತಾರೆ, ಆದರೆ ಹೊಲದಾಳುಗಳು ಅದೇ ಮಾಲೀಕನ ಹತ್ತಿರ ವಾರಕ್ಕೆ 45 ಗಂಟೆಯವರೆಗೆ ಪುಕ್ಕಟೆ ದುಡಿಯಬೇಕಿತ್ತು. ಅದಕ್ಕೆ 'ಅಪ್ರೆಂಟಿಸ್' ಎಂಬ ಹೆಸರು. ಅದು ನಿಂತದ್ದು 1838ರ ಆಗಸ್ಟ್ 1ಕ್ಕೆ. ಅಲ್ಲಿಯವರೆಗೆ ಬದುಕಿದ್ದರೆ ಅವಳಿಗೆ ಆಗ 45. ಪರಿಹಾರಕ್ಕೆಂದು ಸರ್ಕಾರ 1835ರಲ್ಲಿ ಎತ್ತಿದ ಸಾಲ ತೀರಿದ್ದು ಯಾವಾಗ ಗೊತ್ತೇ? 2015ರಲ್ಲಿ. ರಾತ್ರಿ ಪಾಳಿ ಮಾಡಿ ಆಂಟಿ ಕಟ್ಟಿದ ತೆರಿಗೆ ಆ ಸಾಲಕ್ಕೂ ಹೋಗಿದೆ. ಬೆಂಗಳೂರಿನಿಂದ ಬಂದು ಇಲ್ಲಿ ಸಂಬಳ ಎಣಿಸುತ್ತಿದ್ದ ನನ್ನದೂ ಹೋಗಿದೆ. ಅವಳಿಗಾಗಿ ಅಲ್ಲ, ಅವಳನ್ನು ಬಿಟ್ಟುಕೊಟ್ಟವರಿಗಾಗಿ.

ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಜಗಲಿಯಲ್ಲಿ ಕೂತು, ದಪ್ಪ ಪುಸ್ತಕ ಬಿಚ್ಚಿ, ನಮ್ಮ ತಾತ, ಮುತ್ತಾತ, ಅವರು ಯಾವ ಊರು ಬಿಟ್ಟು ಬಂದರು, ಎಲ್ಲ ರಾಗವಾಗಿ ಹೇಳುತ್ತಿದ್ದರು. ಅಜ್ಜ ಕೈಕಟ್ಟಿ ಕೇಳಿ ಮೊರದ ತುಂಬ ಕಾಳು ಹಾಕಿಸುತ್ತಿದ್ದರು. ಹೇಳುತ್ತಿದ್ದದ್ದೆಲ್ಲ ಗಂಡಸರ ಹೆಸರೇ. ನನ್ನ ಮುತ್ತಜ್ಜಿಯರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಜಮೈಕಾದ ಪಟ್ಟಿಯಲ್ಲಿ ತಾಯಿಯ ಹೆಸರಿದೆ, ಆದರೆ ಅದು ಗೌರವಕ್ಕೆ ಬರೆದದ್ದಲ್ಲ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಾಯಿ ಯಾರ ಸ್ವತ್ತೋ ಮಗುವೂ ಅವರದೇ, ಅದು ಅಲ್ಲಿನ ಕಾನೂನು. ಸ್ವತ್ತಿನ ಲೆಕ್ಕಕ್ಕೆ ಬರೆದ ಆ ಒಂದು ಹೆಸರೇ ಇವತ್ತು ಆ ಮನೆಯವರಿಗೆ ಸಿಕ್ಕಿರುವ ಒಂದೇ ಹಿಡಿ.

ಅದಕ್ಕೂ ಹಿಂದೆ ಹೋಗಲು ದಾರಿಯಿಲ್ಲ. ಟ್ರಿನಿಡಾಡ್‌ನ 1813ರ ಪಟ್ಟಿಯಲ್ಲಾದರೆ ಈಬೊ, ಕಾಂಗೊ, ಮ್ಯಾಂಡಿಂಗೊ ಅಂತ ಯಾವ ಜನ ಎಂಬುದನ್ನಾದರೂ ಬರೆದಿದ್ದಾರೆ. ಜಮೈಕಾದಲ್ಲಿ ಬರೀ ಆಫ್ರಿಕನ್. ಒಂದು ಖಂಡದ ಹೆಸರು ಬರೆದು ಕೈತೊಳೆದುಕೊಂಡರು.

ಈಗ ಮನೆಯಲ್ಲಿ ಜಗಳ ಹತ್ತಿದೆ. ವಂಶವೃಕ್ಷದ ಮೇಲೆ ಯಾರನ್ನು ಹಾಕುವುದು? ಹುಡುಗನ ಪ್ರಕಾರ 1600ರವರೆಗೆ ಆಧಾರ ಇರುವ ಸ್ಕಾಟ್ಲೆಂಡ್‌ನವರೇ ಮೇಲೆ ಬರಬೇಕು, ಬರೀ ಒಂದು ಹೆಸರಿನಿಂದ ಶುರುಮಾಡಲಾಗುವುದಿಲ್ಲ. ಆಂಟಿಯ ಪ್ರಕಾರ ಅವಳಿಂದಲೇ ಶುರು, ಅವನು ಬೇಕಿದ್ದರೆ ಪಕ್ಕದಲ್ಲಿರಲಿ. ನಾನು ಹೊರಗಿನವರು, ಕೇಳದೆ ಬಾಯಿ ಹಾಕಬಾರದಿತ್ತೇನೋ, ಆದರೂ ಆಂಟಿಯ ಪರ ಅಂತ ಹೇಳಿಯೇ ಬಂದೆ. ಆಧಾರ ಯಾರ ಬಗ್ಗೆ ಜಾಸ್ತಿ ಉಳಿಯುತ್ತದೆ ಎನ್ನುವುದು ಆಗ ಪೆನ್ನು ಯಾರ ಕೈಯಲ್ಲಿತ್ತು ಎನ್ನುವುದರ ಮೇಲೆ ಅಲ್ವಾ?

ವಾಟ್ಸ್ಯಾಪಿನಲ್ಲಿ ವಾದ ಇನ್ನೂ ನಡೆದಿದೆ. ನಾವು ಮೂವರು ಮಾತ್ರ ಚರ್ಚಿನ ಪುಸ್ತಕಗಳಿಗೆ ಇಳಿದಿದ್ದೇವೆ. 1838ರ ನಂತರ ಅವಳು ಎಲ್ಲಿಗೆ ಹೋದಳು, ಮಗಳ ಮನೆಗೆ ಹೋದಳಾ, ಯಾವ ಚರ್ಚಿನ ಮಣ್ಣಿನಲ್ಲಾದರೂ ಹೆಸರು ಹೇಳಿ ಮಲಗಿಸಿದರಾ ಅಂತ ನೋಡಬೇಕು. ಆಂಟಿ ದಿನಾ ಸಂಜೆ ಫೋನ್ ಮಾಡಿ ಎಷ್ಟು ಪುಟ ಆಯಿತು ಅಂತ ವಿಚಾರಿಸುತ್ತಾರೆ.