ದಸರಾ ಡ್ಯೂಟಿ

ದಸರಾ ಶುರುವಾಯ್ತು. ಜಂಬೂಸವಾರಿ ಮುಗಿಯುವವರೆಗೂ ಮೈಸೂರಿನ ಹೋಟೆಲ್ ಸಪ್ಲೈಯರ್‌ಗಳು ನಾವು ರಜೆ ಕೇಳುವ ಹಾಗಿಲ್ಲ. ತಿನ್ನುತ್ತಾ ಕೂತವರ ಬೆನ್ನ ಹಿಂದೆಯೇ ಸೀಟಿಗೆ ಕಾಯುವವರು ನಿಂತಿರುತ್ತಾರೆ. ಎಡಗೈ ಮೇಲೆ ಮೊಣಕೈವರೆಗೂ ಮಸಾಲೆ ದೋಸೆ ತಟ್ಟೆ ಜೋಡಿಸಿಕೊಂಡು, ‘ಸೈಡ್, ಸೈಡ್’ ಅನ್ನುತ್ತಾ ನುಗ್ಗಬೇಕು. ಯಾರಿಗೆ ಬೈಟು ಕಾಫಿ, ಯಾರಿಗೆ ಸಕ್ಕರೆ ಕಮ್ಮಿ, ಎಲ್ಲ ತಲೆಯಲ್ಲೇ. ಕಾವಲಿ ಹತ್ತಿರ ತಡವಾದರೂ ಬೈಸಿಕೊಳ್ಳುವುದು ನಾವೇ. ನಿನ್ನೆ ಮಂಡ್ಯ ಕಡೆಯ ಅಜ್ಜಿಯೊಬ್ಬರು ‘ನೀನ್ ಉಂಡ್ಯಾ ಮಗ?’ ಅಂದರು. ಸುಸ್ತೆಲ್ಲ ಇಳಿದುಹೋಯ್ತು.

ಬಿಲ್ಲಿನಲ್ಲಿರುವ 5% ಜಿಎಸ್‌ಟಿ ನಮಗೆ ಬರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಹೋಗುವುದು ಸರ್ಕಾರಕ್ಕೆ. ಸರ್ವೀಸ್ ಚಾರ್ಜನ್ನು ಬಿಲ್ಲಿಗೆ ತಾನಾಗೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ಅದು ಸರಿ ಕೂಡ. ಟಿಪ್ಸ್ ಕೊಡುವುದು ನಿಮ್ಮ ಇಷ್ಟ. ಆದರೆ ‘ಏಯ್’ ಅಂತ ಚಿಟಿಕೆ ಹೊಡೆದು ಮಾತ್ರ ಕರೆಯಬೇಡಿ.